ಮುಚ್ಚಳದ ಸದ್ದು

ಗಾಳಿ ದಿಕ್ಕು ತಿರುಗಿ ಮೋಡ ಕಟ್ಟುವ ದಿನಗಳು ಬಂದವೆಂದರೆ ಹಿತ್ತಾಳೆ ಬೇಗ ಕಪ್ಪಾಗುತ್ತದೆ. ಊರಂಚಿನ ಹೊಲಗಳಲ್ಲಿ ಜನ ಮಣ್ಣು ಹದ ಮಾಡಿಕೊಂಡು ಬಿತ್ತನೆಗೆ ಕಾಯುವ ಹೊತ್ತಿಗೆ ಈ ಮನೆಯಲ್ಲಿ ಅತ್ತೆ ಇಟ್ಟಿಗೆ ಕುಟ್ಟಲು ಕೂರುತ್ತಿದ್ದಳು. ಹಳೇ ಇಟ್ಟಿಗೆಯನ್ನು ಕಲ್ಲಿನ ಮೇಲೆ ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ, ಹಿಟ್ಟಿನಷ್ಟು ನುಣ್ಣಗಾದ ಪುಡಿಯನ್ನು ನಾಲ್ಕು ಡಬ್ಬಿಗೆ ತುಂಬಿ, ಪಕ್ಕದಲ್ಲಿ ಹೆಚ್ಚಿದ ನಿಂಬೆಹಣ್ಣು ಇಟ್ಟು ಕೂಗುತ್ತಿದ್ದಳು.

"ಏಳ್ರೀ ಎಲ್ಲ. ಇವತ್ತು ಮಂಗಳವಾರ, ಮೆಟ್ಟಿಲ ಗೂಡು!"

ಸೋಮವಾರ ನಡುಮನೆಯ ಎಡಗೋಡೆ, ಮಂಗಳವಾರ ಮೆಟ್ಟಿಲ ಗೂಡು, ಬುಧವಾರ ಬಲಗೋಡೆ. ಹೀಗೆ ವಾರದ ಏಳು ದಿನವೂ ಒಂದೊಂದು ಗೋಡೆಗೆ ಸಂದುಹೋಗಿದ್ದವು. ಮನೆ ಅವರದಲ್ಲ, ವಕೀಲರೊಬ್ಬರದು. ವಕೀಲರು ದುಡಿದದ್ದನ್ನೆಲ್ಲ ಹಳೇ ಮೇಣದಬತ್ತಿ ಕಂಬಗಳಿಗೆ ಸುರಿದವರು. ಕರೆಂಟು ಬರುವುದಕ್ಕೆ ಮುಂಚೆ ಕತ್ತಲನ್ನು ಓಡಿಸಲು ಮನುಷ್ಯ ಏನೇನು ಮಾಡಿಕೊಂಡಿದ್ದನೋ ಅದೆಲ್ಲ ಆ ಮನೆಯಲ್ಲಿತ್ತು. ಎದೆಮಟ್ಟ ಬರುವ ಐದು ಕವಲಿನ ಕಂಬಗಳು, ಮಲಗುವ ಕೋಣೆಗೆ ಒಯ್ಯಲು ಬೆರಳು ತೂರಿಸುವ ಬಳೆಯಿದ್ದ ತಟ್ಟೆಗಂಬಗಳು, ಪಕ್ಕದ ಗುಂಡಿ ದೂಡಿದರೆ ಕರಗಿದ ಬತ್ತಿ ಮೇಲೇಳುವ ಕೊಳವೆಗಳು, ಬತ್ತಿಯ ಸುಟ್ಟ ತುದಿ ಕತ್ತರಿಸುವ ಕತ್ತರಿಗಳು. ಮೇಣ ಕೊಳ್ಳುವ ತಾಕತ್ತಿಲ್ಲದವರು ಕೊಬ್ಬಿನಲ್ಲಿ ಅದ್ದಿದ ಹುಲ್ಲುಕಡ್ಡಿ ಸಿಕ್ಕಿಸಿ ಉರಿಸುತ್ತಿದ್ದ ಕಬ್ಬಿಣದ ಇಕ್ಕಳಗಳೂ ಇದ್ದವು. ಒಟ್ಟು ನಾನೂರ ಹನ್ನೆರಡು. ವಯಸ್ಸಾಗಿ ಮಗಳ ಊರಿಗೆ ಹೊರಡುವಾಗ ವಕೀಲರು, ತಮ್ಮ ಕಚೇರಿಯಲ್ಲಿ ಜವಾನನಾಗಿದ್ದ ಮಾವನನ್ನು ಕರೆದು, "ಬಾಡಿಗೆ ಬೇಡ. ಇವನ್ನ ಚೆನ್ನಾಗಿ ನೋಡ್ಕೊಳ್ಳಿ. ಮನೆ ಒಂದು ಗಳಿಗೆಯೂ ಖಾಲಿ ಬಿಡಬೇಡಿ," ಎಂದಿದ್ದರು. ಆ ಮಾತಿಗೆ ಈಗ ಹದಿನೇಳು ವರ್ಷ.

ಅತ್ತೆ ಆ ಎರಡು ಮಾತನ್ನೂ ಅಕ್ಷರ ಬಿಡದೆ ನಡೆಸಿದಳು. ಧೂಳು ಬರುತ್ತದೆಂದು ಕಿಟಕಿಗಳು ಮುಚ್ಚಿದವು. ಹೊಗೆ ಹಿಡಿಯುತ್ತದೆಂದು ಒಗ್ಗರಣೆ ಹಿತ್ತಲಿಗೆ ಹೋಯಿತು. ಮನೆಮಂದಿಯೆಲ್ಲ ಒಟ್ಟಿಗೆ ಹೊರಗೆ ಕಾಲಿಟ್ಟ ದಿನವೇ ಇರಲಿಲ್ಲ. ಮಗನ ಮದುವೆಯ ದಿನ ಮಾವ ಮನೆ ಕಾಯುತ್ತ ಕೂತಿದ್ದ, ಮದುವೆಯನ್ನು ಆಮೇಲೆ ಫೋಟೋದಲ್ಲಿ ನೋಡಿದ. ಸೊಸೆಯಾಗಿ ಬಂದವಳಿಗೆ ಸಿಕ್ಕಿದ್ದು ಎರಡು ಗೂಡುಗಳ ನಡುವೆ ತೂರಿಸಿದ ಒಂದು ಮಂಚ. ಅದರ ಮೇಲೆ ಗಂಡಹೆಂಡಿರು ಮಗ್ಗುಲು ಬದಲಿಸಬೇಕಾದರೂ ಒಬ್ಬರಿಗೊಬ್ಬರು ಹೇಳಿಯೇ ಬದಲಿಸಬೇಕು. ಮೊಣಕೈ ತಗುಲಿದರೆ ಕಂಬ ಉರುಳುತ್ತದೆ.

ಸೊಸೆಯ ಪಾಲಿಗೆ ಬಂದದ್ದು ಅಲ್ಲಿಯ ತನಕ ಯಾರೂ ಕೈ ಹಾಕಿರದ ಹಿಂದಿನ ಕೋಣೆ. ಅಂಗೈಯಗಲದ ಒಂದು ಬೆಳಕಿಂಡಿ, ಅರವತ್ತೊಂದು ಕಂಬ. ಅದಕ್ಕೂ ಮುಂಚೆ, ನಡುಮನೆಯ ಗೋಡೆಗಳಿಗೆ ಕೈಹಚ್ಚಿದ ಮೊದಲ ತಿಂಗಳೇ ನಿಂಬೆಹುಳಿ, ಇಟ್ಟಿಗೆ ಪುಡಿ ಸೇರಿ ಅವಳ ಬೆರಳ ಸಂದುಗಳು ಬಿರಿದು ರಕ್ತ ಬಂದಿತ್ತು. ಅನ್ನ ಕಲಸಿದರೆ ಉರಿ, ಉಪ್ಪು ಮುಟ್ಟಿದರೆ ಉರಿ. ಮೂರನೆಯ ತಿಂಗಳಿಗೆ, ಹಿಂದಿನ ಕೋಣೆ ಕೈಗೆ ಬಂದೊಡನೆ, ಅವಳೊಂದು ಉಪಾಯ ಕಂಡುಕೊಂಡಳು. ಅಡುಗೆಮನೆಯ ಹಿತ್ತಾಳೆ ಮುಚ್ಚಳವೊಂದನ್ನು ಒಳಗೊಯ್ದು, ಬಾಗಿಲು ಮುಂದೆ ಮಾಡಿ, ಸ್ಟೂಲಿನ ಮೇಲೆ ಕೂತು, ಕಾಲ್ಬೆರಳಿಗೆ ಚಿಂದಿ ಸುತ್ತಿ ಮುಚ್ಚಳದ ಮೇಲೆ ಆಡಿಸುವುದು. ಕಾಲು ಸರ್ ಸರ್ ಎಂದು ತಿಕ್ಕುತ್ತಿದ್ದರೆ ಕೈ ದರ್ಜಿ ಅಂಗಡಿಯ ಲಂಗಗಳಿಗೆ ಅಂಚು ಹೊಲಿಯುತ್ತಿತ್ತು. ಎರಡು ವರ್ಷದಲ್ಲಿ ಮುಚ್ಚಳ ಕನ್ನಡಿಯಾಯಿತು. ಅರವತ್ತೊಂದು ಕಂಬಗಳು ಮಾತ್ರ ವಕೀಲರು ಬಿಟ್ಟುಹೋದ ಹಾಗೇ, ಹೊಗೆ ಹಿಡಿದು, ಮೇಣದ ಹಳೇ ಹನಿ ಅಂಟಿಸಿಕೊಂಡು, ಕಪ್ಪಗೆ ನಿಂತಿದ್ದವು. ಮಂಡಿನೋವಿನ ಅತ್ತೆ ಆ ಕೋಣೆಯ ಎತ್ತರದ ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಹೊರಗಿನಿಂದಲೇ, "ಆಯ್ತೇನೇ?" ಎನ್ನುತ್ತಿದ್ದಳು.

"ಆಯ್ತಾ ಬಂತು, ಅತ್ತೆ," ಎಂದು ಸೊಸೆ ಕಾಲು ಜೋರು ಮಾಡುತ್ತಿದ್ದಳು.

ಬಿತ್ತನೆ ಮುಗಿದ ವಾರ ವಕೀಲರ ಮಗಳಿಂದ ಕಾಗದ ಬಂತು. ಅಪ್ಪ ತೀರಿಕೊಂಡರು. ಹಳೇ ಸಾಮಾನು ಬಲ್ಲವರೊಬ್ಬರನ್ನು ಇನ್ನು ಮೂರು ವಾರದಲ್ಲಿ ಕಳಿಸುತ್ತೇನೆ. ಅವರು ನೋಡಿ ಹೇಳಿದ ಮೇಲೆ ಸಾಮಾನು, ಮನೆ ಎರಡರದೂ ತೀರ್ಮಾನ. ಇಷ್ಟೇ.

ಮಾವ ಅದನ್ನು ಊಟಕ್ಕೆ ಕೂತಾಗ ಎರಡು ಸಲ ಓದಿದ. ಗಂಡ ಡಿಪೋದಲ್ಲಿ ಬಸ್ಸು ರಿಪೇರಿ ಮಾಡುವವನು. ಕೈಯ ಗ್ರೀಸು ಪೂರ್ತಿ ಹೋಗಿರಲಿಲ್ಲ, ಹಾಗೇ ಬೆಂದ ಆಲೂಗಡ್ಡೆ ಹಿಸುಕುತ್ತ ಅಂದ: "ಅಂದ್ರೆ ಬಿಡಿಸ್ತಾರೆ."

"ಯಾಕೆ ಬಿಡಿಸ್ತಾರೆ? ಬಾಗಿಲು ತೆಗೆದ್ರೆ ಕಣ್ಣು ಕೋರೈಸಬೇಕು, ಹಾಗಿಟ್ಟಿದೀನಿ. ಮೆಟ್ಟಿಲ ಹತ್ರ ಬೆಳ್ಳಿ ಬಣ್ಣದ್ದು ನಾಲ್ಕಿತ್ತಲ್ಲ, ನಾನು ಬಂದಾಗ ಸಪ್ಪೆ ಮುಖ ಹಾಕ್ಕೊಂಡು ನಿಂತಿದ್ವು. ತಿಕ್ಕಿ ತಿಕ್ಕಿ ಈಗ ನೋಡು, ಕೆಂಪು ಬಂಗಾರ!"

"ಅಮ್ಮ, ಡಿಪೋ ಹತ್ರ ಕಿರಾಣಿ ಅಂಗಡಿ ಮಾಳಿಗೆ ಮೇಲೆ ಎರಡು ರೂಮು ಖಾಲಿ ಇದೆ. ಎರಡೂ ಕಡೆ ಕಿಟಕಿ. ನಾವು ನಾಲ್ಕೂ ಜನ…"

"ಕಿಟಕಿ ತಿಂತೀಯಾ?"

"ಗಾಳಿ ಕುಡೀಬಹುದಲ್ಲೇ," ಅಂದ ಮಾವ.

"ನೀವು ಸುಮ್ನಿರಿ. ಮಗನ ಮದುವೇನ ಫೋಟೋದಲ್ಲಿ ನೋಡಿದೋರು ನೀವು."

"ಅದಕ್ಕೇ ಹೇಳಿದ್ದು," ಎಂದು ಮಾವ ತಟ್ಟೆಗೆ ಬಗ್ಗಿದ.

ಮರುದಿನ ಬೆಳಗ್ಗೆ ಗಂಡ ಡಿಪೋಗೆ ಹೊರಟಾಗ ಸೊಸೆ ನೀರಿನ ಕೊಡ ಹಿಡಿದುಕೊಂಡು ಬೀದಿ ನಲ್ಲಿಯ ತನಕ ಅವನ ಜೊತೆಗೇ ನಡೆದಳು. ಮನೆಯೊಳಗೆ ಮಾತಾಡಿದರೆ ಗೂಡುಗಳ ಸಂದಿನಲ್ಲಿ ಎಲ್ಲ ಕೇಳುತ್ತಿತ್ತು.

"ರೀ, ಅವರು ಬಿಡಿಸಿದ್ರೆ ಹೋಗೋದು ಖಂಡಿತ ತಾನೆ?"

"ಬಿಡಿಸಿದ್ರೆ ಬೇರೆ ದಾರಿ ಏನಿದೆ? ಹೋಗೋದೇ. ಅಂಗಡಿಯವನಿಗೆ ಮಳೆಗಾಲ ಮುಗಿಯೋ ತನಕ ಯಾರಿಗೂ ಕೊಡಬೇಡ ಅಂದಿದೀನಿ."

"ನಾವಾಗಿ ನಾವೇ ಹೋದ್ರೆ?"

"ಅಮ್ಮ ಬರಲ್ಲ. ಅವರಿಬ್ಬರ ಮೇಲೆ ಇಷ್ಟೂ ಕಂಬ ಹೊರಿಸಿ ನಾನು ಹೇಗೆ ಬರಲಿ, ನೀನೇ ಹೇಳು."

ಅವಳು ಕೊಡವನ್ನು ನಲ್ಲಿಗೆ ಒಡ್ಡಿದಳು. ಕೊಡ ತುಂಬಿ ಚೆಲ್ಲುವ ತನಕ ನಿಂತಿದ್ದಳು. ಬರುವವನು ಹಿಂದಿನ ಕೋಣೆ ತೆರೆಸುತ್ತಾನೆ. ಅರವತ್ತೊಂದು ಕರಿಕಂಬ ನೋಡುತ್ತಾನೆ. ಇಂಥವರಿಗೆ ಮನೆ ಯಾಕೆ ಅನ್ನುತ್ತಾನೆ. ಬೈಗುಳ ಅವಳ ತಲೆಗೇ ಬರುತ್ತದೆ, ಬರಲಿ. ಬೈಗುಳದ ಆಚೆ ಕಡೆ ಎರಡು ರೂಮು, ಎರಡು ಕಿಟಕಿ.

ಆ ಮೂರು ವಾರ ಮನೆಯಲ್ಲಿ ಯಾರಿಗೂ ಬೆನ್ನು ನೆಟ್ಟಗಾಗಲಿಲ್ಲ. ದಿನಕ್ಕೊಂದು ಗೋಡೆ ಹೋಗಿ ಎರಡಾಯಿತು. ಗಂಡ ಡಿಪೋದಿಂದ ಬಂದವನೇ ಏಣಿ ಹತ್ತಬೇಕು. ಮಾವ ಕತ್ತರಿಗಳಿಗೆ ಎಣ್ಣೆ ಬಿಡಬೇಕು. ಊಟಕ್ಕೆ ಬೇಳೆ ಬೇಯಿಸಲೂ ಪುರುಸೊತ್ತಿಲ್ಲದೆ ಬ್ರೆಡ್ಡು, ಚಹಾ. ತುತ್ತಿನಲ್ಲೂ ಇಟ್ಟಿಗೆ ಪುಡಿ ಕರಕರ ಅನ್ನುತ್ತಿತ್ತು. ಸೊಸೆ ಹಿಂದಿನ ಕೋಣೆಯಲ್ಲಿ ಮುಚ್ಚಳ ತಿಕ್ಕಿ ತಿಕ್ಕಿ ನಾಲ್ಕು ಡಜನ್ ಲಂಗಕ್ಕೆ ಅಂಚು ಹೊಲಿದು ಮುಗಿಸಿದಳು.

ಒಂದು ಸಂಜೆ ಮಳೆ ಬಂದು ಕರೆಂಟು ಹೋಯಿತು. ಮಗ ತಿಕ್ಕಿದ್ದು ಸಾಲದೆಂದು ಅತ್ತೆ ಮಂಡಿನೋವು ನುಂಗಿಕೊಂಡು ತಾನೇ ಏಣಿ ಹತ್ತಿದ್ದಳು.

"ಯಾರಾದ್ರೂ ದೀಪ ಹಚ್ಚ್ರೋ! ಕಾಲೆಲ್ಲಿಡಲಿ ನಾನು?"

ಮೂವರೂ ತಡಕಾಡಿದರು. ಬೆಂಕಿಪೊಟ್ಟಣ ಸಿಕ್ಕಿತು. ಮೇಣದಬತ್ತಿ ಸಿಗಲಿಲ್ಲ. ಮೇಣ ಹನಿಸುತ್ತದೆಂದು ಅತ್ತೆಯೇ ಹದಿನೇಳು ವರ್ಷ ಬತ್ತಿಯನ್ನು ಮನೆಯೊಳಗೆ ಸೇರಿಸಿರಲಿಲ್ಲ.

"ನಾನೂರ ಹನ್ನೆರಡು ಕಂಬ," ಅಂದ ಮಾವ ಕತ್ತಲೊಳಗಿಂದ, "ಒಂದಕ್ಕೂ ಬತ್ತಿ ಇಲ್ಲ. ನಮ್ಮ ಹೆಡ್ಡತನಕ್ಕೊಂದು ಹದ್ದು ಬೇಡವಾ?"

ಗಂಡ ಮೊದಲು ನಕ್ಕ, ಆಮೇಲೆ ಸೊಸೆ. ಏಣಿಯ ಮೇಲಿಂದ ಅತ್ತೆಯೂ ನಕ್ಕಳು. "ನಗಬೇಡ್ರೋ, ಏಣಿ ಅಲ್ಲಾಡತ್ತೆ," ಎನ್ನುತ್ತಲೇ ನಕ್ಕಳು. ಕರೆಂಟು ಬರುವ ತನಕ, ಸುಮಾರು ಅರ್ಧ ಗಂಟೆ, ಅವಳು ಏಣಿಯ ಮೇಲೆ, ಉಳಿದವರು ಏಣಿ ಹಿಡಿದುಕೊಂಡು ಕೆಳಗೆ. ಯಾರೂ ಅಲುಗುವಂತಿರಲಿಲ್ಲ.

ಹಳೇ ಸಾಮಾನು ಬಲ್ಲವನು ಬಂದದ್ದು ಗುರುವಾರ. ಸಣಕಲು ಆಸಾಮಿ, ಒಗೆದು ಒಗೆದು ಬಣ್ಣಗೆಟ್ಟ ಕೋಟು. ಬಂದವನೇ ಕೋಟಿನ ಜೇಬಿನಿಂದ ಒಂದು ಭೂತಗನ್ನಡಿ ತೆಗೆದ. ಮಾವ ಅವನಿಗೆ ಅದೇ ಹೆಸರಿಟ್ಟ. ಅತ್ತೆ ಒಗೆದ ಉಡುಪು ತೊಟ್ಟು, ತಲೆ ಬಾಚಿ, ನಡುಮನೆಯ ದೀಪಗಳನ್ನೆಲ್ಲ ಹಾಕಿಸಿದ್ದಳು. ಮುನ್ನೂರೈವತ್ತು ಕಂಬಗಳು ಒಟ್ಟಿಗೆ ಝಗ್ಗೆಂದವು.

ಭೂತಗನ್ನಡಿ ಬಾಗಿಲಲ್ಲೇ ನಿಂತುಬಿಟ್ಟ.

"ಕಣ್ಣಿಗೆ ಹೊಡೀತಾ ಇದೆಯಾ?" ಅತ್ತೆ ಹಿಗ್ಗಿನಿಂದ ಕೇಳಿದಳು.

ಅವನು ಒಂದು ಕಂಬ ತೆಗೆದು ತಲೆಕೆಳಗು ಮಾಡಿದ. ಇನ್ನೊಂದು ತೆಗೆದ. ಹತ್ತು, ಇಪ್ಪತ್ತು. ಮೆಟ್ಟಿಲ ಗೂಡಿನ ನಾಲ್ಕು 'ಕೆಂಪು ಬಂಗಾರ'ದ ಎದುರು ಕೂತು ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದ.

"ಯಾರಮ್ಮ ತಿಕ್ಕಿದ್ದು?"

"ನಾನೇ. ಹದಿನೇಳು ವರ್ಷದಿಂದ, ಒಂದು ದಿನ ತಪ್ಪಿಸಿಲ್ಲ."

"ಇದು ತಾಮ್ರದ ಮೇಲೆ ಬೆಳ್ಳಿ ಹೊದಿಸಿದ್ದು," ಅವನು ಮೆಲ್ಲಗೆ ಹೇಳಿದ. ಗದರಿದ್ದರೆ ವಾಸಿಯಿತ್ತು. "ಬೆಳ್ಳಿ ಪೂರ್ತಿ ಹೋಗಿದೆ. ನೀವು ನೋಡ್ತಿರೋದು ಒಳಗಿನ ತಾಮ್ರ. ಆ ಹಿತ್ತಾಳೆಯವು ನೂರು, ನೂರೈವತ್ತು ವರ್ಷ ಕೂತು ಕೂತು ಒಂದು ಬಣ್ಣ ಕಟ್ಟಿರ್ತಾವೆ. ಕೊಳ್ಳೋರು ದುಡ್ಡು ಕೊಡೋದು ಆ ಬಣ್ಣಕ್ಕೆ. ಅಡೀಲಿ ಎರಕದವನು ಒತ್ತಿದ ಮುದ್ರೆ ಇರತ್ತೆ, ಅದಕ್ಕೆ. ಒಂದರಲ್ಲೂ ಮುದ್ರೆ ಉಳಿದಿಲ್ಲ."

"ಕೊಳೆ ಸ್ವಾಮಿ ಅದು! ಬಣ್ಣ ಎಲ್ಲಿಂದ ಬರತ್ತೆ?"

"ಕೊಳೆಯಲ್ಲ, ತಾಯಿ. ಅದೇ ಬೆಲೆ."

ಅತ್ತೆ ಸೊಸೆಯ ಕಡೆ ನೋಡಲಿಲ್ಲ, ಮಗನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿದಳು. ಮಡಿಸಿದ್ದನ್ನು ಮತ್ತೆ ಮಡಿಸಿದಳು. ಅದು ಬೆಂಕಿಪೊಟ್ಟಣದಷ್ಟಾದ ಮೇಲೆ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಹಿಂದೆ ಇನ್ನೊಂದು ಕೋಣೆ ಇದೆ," ಅಂದ ಮಾವ, ಏನಾದರೂ ಹೇಳಲೇಬೇಕೆಂದು.

ಸೊಸೆ ಮುಂದೆ ಹೋಗಿ ಚಿಲಕ ಎಳೆದಳು. ಬಾಗಿಲು ತೆಗೆದಾಗ ಹಳೇ ಮೇಣದ ಕಮಟು ವಾಸನೆ ಹೊಡೆಯಿತು. ಭೂತಗನ್ನಡಿ ಹೊಸ್ತಿಲು ದಾಟಿ, ಬೆಳಕಿಂಡಿಯ ಕೆಳಗಿದ್ದ ಒಂದು ತಟ್ಟೆಗಂಬವನ್ನು ಎತ್ತಿಕೊಂಡ. ಬೆರಳು ಹಿಡಿಯುವ ಬಳೆ, ಅಂಚಿಗೆ ಅಂಟಿದ ಹಳದಿ ಮೇಣ, ಮೈ ತುಂಬ ಕಡುಗಂದು. ಅಡಿಯನ್ನು ತಿರುಗಿಸಿದವನು ಕೂಸು ಎತ್ತಿಕೊಂಡವನ ಹಾಗೆ ಎರಡೂ ಕೈಯಲ್ಲಿ ಹಿಡಿದ.

"ಇದೆ. ಮುದ್ರೆ ಇದೆ," ಎಂದ. ಆಮೇಲೆ ಒಂದೊಂದೇ ಕಂಬ ಎತ್ತುತ್ತ, ಇಕ್ಕಳ ಮುಟ್ಟುತ್ತ, ಒಂದು ಗಂಟೆ ಹೊರಗೆ ಬರಲಿಲ್ಲ. ಬಂದಾಗ ಕೇಳಿದ: "ಈ ಕೋಣೆ ನೋಡ್ಕೊಂಡೋರು ಯಾರು?"

ಗಂಡ ಹೆಂಡತಿಯ ಮುಖ ನೋಡಿದ. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಗಟ್ಟಿ ದನಿ ಕೇಳಿತು.

"ನನ್ನ ಸೊಸೆ. ಯಾವುದನ್ನ ಮುಟ್ಟಬೇಕು, ಯಾವುದನ್ನ ಮುಟ್ಟಬಾರದು ಅಂತ ಅವಳಿಗೆ ಗೊತ್ತು."

ಭೂತಗನ್ನಡಿ ಅವಳಿಗೆ ಕೈಮುಗಿದ. "ಹಾಗಾದ್ರೆ ಚಿಂತೆ ಇಲ್ಲ. ಹೊರಗಿನವನ್ನ ತೂಕಕ್ಕೆ ಹಾಕೋದೇ. ಇವು ಅರವತ್ತೊಂದು ಇಲ್ಲೇ ಇರಲಿ, ಜಾಗ ಬದಲಿಸಿದ್ರೆ ಕೆಡತ್ತೆ. ಈ ಹುಡುಗಿ ಕೈಯಲ್ಲಿ ಈ ಕೋಣೆ ಕೀಲಿ ಇರೋ ತನಕ ಮನೆ ನಿಮಗೇ ಇರಲಿ ಅಂತ ವಕೀಲರ ಮಗಳಿಗೆ ಹೇಳ್ತೀನಿ. ಮಳೆಗಾಲ ಮುಗಿದ ಮೇಲೆ ಬಂದು ನೋಡ್ತೀನಿ. ಒಂದು ಮಾತು. ಒಂದನ್ನೂ ತಿಕ್ಕಬೇಡಿ. ಒಂದು ತಿಕ್ಕಿದ್ರೂ ಅಷ್ಟನ್ನೂ ಹೊರಿಸ್ಕೊಂಡು ಹೋಗ್ತೀನಿ, ಮನೇನೂ ಬಿಡಿಸ್ತೀನಿ."

ಅವನು ಹೋದ ಮೇಲೆ ಅತ್ತೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಲು ಕೂತಳು. ಸೊಸೆ ಬಾಗಿಲಲ್ಲಿ ನಿಂತಳು.

"ಅತ್ತೆ, ನಾನು ಆ ಕೋಣೇಲಿ…"

"ಗೊತ್ತು."

"ಏನು ಗೊತ್ತು?"

"ಹದಿನೇಳು ವರ್ಷ ಹಿತ್ತಾಳೆ ತಿಕ್ಕಿದೋಳು ನಾನು. ಕಂಬ ತಿಕ್ಕಿದ್ರೆ ಸದ್ದು ಏರತ್ತೆ, ಇಳಿಯತ್ತೆ. ಕಂಬಕ್ಕೆ ಸೊಂಟ ಇದೆ, ಕುತ್ತಿಗೆ ಇದೆ, ಕಾಲಿದೆ. ನಿನ್ನ ಕೋಣೆಯಿಂದ ಬರ್ತಿದ್ದದ್ದು ಒಂದೇ ಸದ್ದು, ಚಪ್ಪಟೆ. ಮುಚ್ಚಳದ್ದು." ಚಾಕು ನಿಲ್ಲಲಿಲ್ಲ. "ಮೊದಲನೇ ದಿನವೇ ಗೊತ್ತಾಯ್ತು. ಎರಡು ವರ್ಷದಿಂದ ಅನ್ನ ಬಸಿಯೋಕೆ ಆ ಮುಚ್ಚಳ ಹುಡುಕ್ತಾನೇ ಇದೀನಿ ನಾನು."

"ಮತ್ತೆ ಯಾಕೆ ಕೇಳಲಿಲ್ಲ?"

"ನಿನ್ನ ಕೈ ನೋಡಿದ್ದೆ."

ಸೊಸೆ ಒಳಗೆ ಬಂದು ಎದುರು ಕೂತಳು. ಈರುಳ್ಳಿಯ ಖಾರ ಇಬ್ಬರ ಕಣ್ಣಿಗೂ ಏರಿತ್ತು.

"ಇವರಿಗೂ ಹೇಳಲಿಲ್ಲ, ನನ್ನ ಮಗನಿಗೂ ಹೇಳಲಿಲ್ಲ. ಇವತ್ತು ಆ ಭೂತಗನ್ನಡಿ ಎದುರೂ ನಿನ್ನ ಬಿಟ್ಟುಕೊಡಲಿಲ್ಲ. ಅದು ನಿನ್ನ ಮೇಲೆ ಬಾಕಿ ಇದೆ," ಅಂದಳು ಅತ್ತೆ. "ನಿಮಗೆ ಆ ಕಿಟಕಿ ರೂಮು ಬೇಕು ಅಂತ ನನಗೆ ಗೊತ್ತಿಲ್ವಾ? ನಾನು ಇರೋ ತನಕ ಇಲ್ಲೇ ಇರು. ಈ ವಯಸ್ಸಲ್ಲಿ ಇನ್ನೊಬ್ಬರ ಮಾಳಿಗೆ ಹತ್ತಿಸಬೇಡ ನನ್ನ. ಕೀಲಿ ನಿನ್ನ ಕೈಗೆ ಕೊಟ್ಟಿದಾರೆ. ನೀನು ಎದ್ದು ಹೋದ್ರೆ ಮನೇನೂ ಎದ್ದು ಹೋಗತ್ತೆ."

ಎಂಟು ದಿನಕ್ಕೆ ಲಾರಿ ಬಂತು. ಗುಜರಿಯವರು ಮುನ್ನೂರ ಐವತ್ತೊಂದು ಕಂಬಗಳನ್ನು ಗೋಣಿಚೀಲಕ್ಕೆ ತುಂಬಿದರು. ಕವಲಿದ್ದವನ್ನು ಕಾಲಿನಿಂದ ತುಳಿದು ಮಡಚಿದರು. ಅತ್ತೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತ ಕೂತಿದ್ದಳು, ಮುರಿಯುವ ಸದ್ದು ಬಂದಾಗಲೆಲ್ಲ ಬಟ್ಟೆಯನ್ನು ಕಲ್ಲಿಗೆ ಜೋರಾಗಿ ಬಡಿಯುತ್ತಿದ್ದಳು.

ಜಾಗವಾದರೂ ಆಯಿತೆಂದು ಗಂಡ ಮಂಚವನ್ನು ನಡುಮನೆಗೆ ಎಳೆದ. ಮಂಚ ಅಲ್ಲಿ ಮೂರು ದಿನ ಇತ್ತು. ನಾಲ್ಕನೆಯ ದಿನ ವಕೀಲರ ಮಗಳ ಕಡೆಯವರು ಬಂದು, ಮುಂದಿನ ಕೋಣೆಗಳನ್ನು ಗೋದಾಮಿಗೆ ಬಾಡಿಗೆಗೆ ಕೊಟ್ಟಿದೆ ಎಂದು ಬೀಗ ಜಡಿದರು. ಅಡುಗೆಮನೆ, ಹಿಂದಿನ ಜಗುಲಿ, ಕಂಬದ ಕೋಣೆ ಉಳಿದವು. ಮಂಚ ಜಗುಲಿಗೆ ಬಂತು. ಅತ್ತೆ, ಮಾವ ಅಡುಗೆಮನೆಯಲ್ಲಿ ಚಾಪೆ ಹಾಸಿದರು.

"ಹೋಗೋಣ ಅನ್ನಿ ರೀ, ಒಂದು ಸಲ ಅನ್ನಿ ಸಾಕು," ಅಂದಳು ಸೊಸೆ, ನಲ್ಲಿಯ ಹತ್ತಿರ.

"ಈಗ ಮನೆ ನಿಂತಿರೋದೇ ನಿನ್ನ ಹೆಸರ ಮೇಲೆ. ಹೇಗೆ ಬಿಡೋದು?"

"ನನ್ನ ಹೆಸರು ಯಾವಾಗ ಅಷ್ಟು ಗಟ್ಟಿಯಾಯ್ತು?"

ಗಂಡ ಕೈಯ ಗ್ರೀಸು ನೋಡಿಕೊಂಡ. "ಅಂಗಡಿಯವನು ಇನ್ನೂ ಕಾಯ್ತಿದಾನೆ. ನೋಡೋಣ. ಭೂತಗನ್ನಡಿ ಇನ್ನೊಂದು ಸಲ ಬಂದು ಹೋಗಲಿ."

ಎಲ್ಲಕ್ಕಿಂತ ಕಷ್ಟವಾದದ್ದು ಅತ್ತೆಯ ಕೈ. ಬೆಳಗ್ಗೆ ಐದಕ್ಕೆ ಎದ್ದು ಕೂತರೆ ತಿಕ್ಕಲು ಏನೂ ಇಲ್ಲ. ಚಮಚ ತಿಕ್ಕಿದಳು, ನಲ್ಲಿಯ ಮೂತಿ ತಿಕ್ಕಿದಳು, ಬಾಗಿಲ ಚಿಲಕ, ಮಗನ ಬೆಲ್ಟಿನ ಬಕಲು, ಕೊನೆಗೆ ಮಾವನ ಕನ್ನಡಕದ ಕಡ್ಡಿ.

"ಇನ್ನು ನನ್ನ ಬೋಳುತಲೆ ಒಂದು ಉಳಿದಿದೆ," ಅಂದ ಮಾವ. "ಅದರಲ್ಲಿ ಮುದ್ರೆ ಗಿದ್ರೆ ಇದ್ದೀತು, ಮೊದಲು ನೋಡ್ಕೋ."

ಅವಳು ನಗಲಿಲ್ಲ. ಮಧ್ಯಾಹ್ನಗಳಲ್ಲಿ ಕಂಬದ ಕೋಣೆಯ ಬಾಗಿಲೆದುರು ಬಂದು ಕೂರುತ್ತಿದ್ದಳು. "ಎಷ್ಟು ಕಪ್ಪೇ ಅವು… ನೋಡೋಕಾಗಲ್ಲ ನನ್ನ ಕೈಲಿ," ಎನ್ನುತ್ತಿದ್ದಳು. ಸೊಸೆ ಒಳಗೆ ಕೂತು ಅಂಚು ಹೊಲಿಯುತ್ತಿದ್ದಳು. ಈಗ ಕಾಲು ಆಡಿಸುವ ಗೋಜಿಲ್ಲ. ಹೊರಗೆ ಹೋಗುವಾಗ ಬೀಗ ಹಾಕಿ, ಕೀಲಿಯನ್ನು ಮೊಳೆಗೆ ತೂಗುಹಾಕುತ್ತಿದ್ದಳು. ಬೀಗ ಯಾರಿಗಾಗಿ ಎಂದು ಇಬ್ಬರೂ ಕೇಳಿಕೊಳ್ಳುತ್ತಿರಲಿಲ್ಲ.

ಮಳೆ ಇಳಿಮುಖವಾಗಿ ಹೊಲಗಳಲ್ಲಿ ಕಳೆ ಕೀಳುವ ದಿನಗಳು. ಭೂತಗನ್ನಡಿ ಶುಕ್ರವಾರ ಬರುತ್ತೇನೆಂದು ತಿಳಿಸಿದ್ದ. ಸೋಮವಾರ ಸೊಸೆ ಹೊಲಿದ ಬಟ್ಟೆಯ ಗಂಟನ್ನು ದರ್ಜಿಗೆ ಕೊಟ್ಟು ಬಂದಾಗ ಮೊಳೆ ಖಾಲಿಯಿತ್ತು. ಬಾಗಿಲು ತೆರೆದಿತ್ತು. ಒಳಗಿಂದ ಸದ್ದು ಬರುತ್ತಿತ್ತು. ಏರುತ್ತಿತ್ತು, ಇಳಿಯುತ್ತಿತ್ತು.

ಮಂಡಿನೋವಿನ ಹೆಂಗಸು ಆ ಎತ್ತರದ ಹೊಸ್ತಿಲು ಹೇಗೆ ದಾಟಿದಳೋ! ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಬೆರಳುಬಳೆಯ ಆ ತಟ್ಟೆಗಂಬ. ಭೂತಗನ್ನಡಿ ಕೂಸಿನಂತೆ ಎತ್ತಿಕೊಂಡದ್ದು ಅದೇ. ಅದರ ಅರ್ಧ ಮೈ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು.

ಸೊಸೆಯ ನೆರಳು ಬಿದ್ದಾಗ ಅತ್ತೆ ತಲೆ ಎತ್ತಿದಳು. ಕೈ ಆಗಲೂ ನಿಂತಿರಲಿಲ್ಲ, ಆಮೇಲೆ ನಿಂತಿತು.

"ಒಂದೇ ಒಂದು ಅಂತ ತೊಗೊಂಡೆ ಕಣೇ. ಅಂಚು ಮಾತ್ರ ಅಂತ. ಕೈ ಕೇಳಲಿಲ್ಲ."

ಸೊಸೆ ಕಂಬವನ್ನು ತೆಗೆದುಕೊಂಡು ತಲೆಕೆಳಗು ಮಾಡಿದಳು. ಮುದ್ರೆ ಉಳಿದಿತ್ತು, ಅಡಿಗೆ ಇನ್ನೂ ಪುಡಿ ತಾಗಿರಲಿಲ್ಲ. ಅವಳು ಅದನ್ನು ಅದರ ಜಾಗಕ್ಕೆ ಇಟ್ಟಳು. ಉಳಿದ ಅರವತ್ತು ಕರಿಕಂಬಗಳ ನಡುವೆ ಅದು ಬಿಟ್ಟ ಕಣ್ಣಿನ ಹಾಗೆ ಕಾಣುತ್ತಿತ್ತು. ಶುಕ್ರವಾರ ಬಾಗಿಲು ತೆಗೆದರೆ ಸಾಕು. ಅವಳು ಏನೂ ಹೇಳಬೇಕಾಗಿಲ್ಲ, ಏನೂ ಮಾಡಬೇಕಾಗಿಲ್ಲ. ಶನಿವಾರ ಮಂಚ ಹೊರಬಹುದು.

"ಹೇಳಿಬಿಡು ಅವನಿಗೆ," ಅಂದಳು ಅತ್ತೆ. "ಮುದುಕಿ ತಿಕ್ಕಿದಳು ಅನ್ನು. ನಾನು ಇಲ್ಲ ಅನ್ನಲ್ಲ." ಏಳಲು ನೋಡಿದಳು, ಮಂಡಿ ಬರಲಿಲ್ಲ. ಕೈ ಚಾಚಿದಳು. ಸೊಸೆ ಆ ಕೈ ಹಿಡಿದಳು. ಅಂಗೈ ಒರಟಾಗಿ ಮರದ ತೊಗಟೆಯಂತಿತ್ತು, ಬೆರಳ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಬೆರಳ ಸಂದುಗಳಲ್ಲಿ ಅವಳಿಗೆ ಗುರುತಿದ್ದ ಬಿರುಕುಗಳು, ತನ್ನವಕ್ಕಿಂತ ಆಳ, ತನ್ನವಕ್ಕಿಂತ ಹಳೆಯವು. ಅವುಗಳಿಗೆ ಯಾವ ಮುಚ್ಚಳವೂ ಅಡ್ಡ ಬಂದಿರಲಿಲ್ಲ.

ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿ ಸೊಸೆ ಹೊರಗೆ ಹೋದಳು. ಬೀದಿಯ ತಿರುವಿನ ಅಂಗಡಿಯಲ್ಲಿ ಮೇಣದಬತ್ತಿ ಕೇಳಿದಳು.

"ಕಂಬದ ಮನೆಗೆ ಮೇಣದಬತ್ತಿಯಾ?" ಅಂಗಡಿಯವನು ಕಣ್ಣರಳಿಸಿದ. "ಎಷ್ಟು ಬೇಕು, ನಾನೂರಾ?"

"ಒಂದು ಕೊಡಿ."

ನಡುಮಧ್ಯಾಹ್ನದಲ್ಲಿ, ಬೆಳಕಿಂಡಿಯ ಕೆಳಗೆ, ಆ ಮನೆಯಲ್ಲಿ ಹದಿನೇಳು ವರ್ಷದಲ್ಲಿ ಮೊದಲ ಸಲ ಒಂದು ಬತ್ತಿ ಉರಿಯಿತು. ಸೊಸೆ ತಟ್ಟೆಗಂಬವನ್ನು ಉರಿಯ ಮೇಲೆ ಹಿಡಿದು ನಿಧಾನವಾಗಿ ತಿರುಗಿಸಿದಳು. ಹೊಳೆಯುವ ಕಡೆ ಮೊದಲು ಹಬೆಯ ಹಾಗೆ ಮಸುಕಾಯಿತು, ಆಮೇಲೆ ಕಪ್ಪು ಕೂತಿತು. ಮಾವನ ಕತ್ತರಿಯ ಎಣ್ಣೆಯನ್ನು ಬೆರಳಲ್ಲಿ ತೆಗೆದು ಸವರಿದಳು. ಒಲೆಯ ಬೂದಿ ಉದುರಿಸಿ ಬಟ್ಟೆಯಿಂದ ಒತ್ತಿದಳು. ಮತ್ತೆ ಉರಿಯ ಮೇಲೆ ಹಿಡಿದಳು. ಅತ್ತೆ ಎದುರಿಗೆ ಕೂತು ನೋಡಿದಳು. ಸ್ವಲ್ಪ ಹೊತ್ತಿಗೆ ಸುಮ್ಮನಿರಲಾಗದೆ, "ಕುತ್ತಿಗೆ ಹತ್ರ ಇನ್ನೂ ಹೊಳೀತಿದೆ ನೋಡು," ಎಂದಳು.

"ಕಾಣ್ತಿದೆ."

"ಎಣ್ಣೆ ಜಾಸ್ತಿಯಾಯ್ತು."

"ಅತ್ತೆ, ನೀವು ಬತ್ತಿ ಹಿಡೀರಿ. ಬಾಯಿ ಬೇಡ."

ಅತ್ತೆ ಬತ್ತಿ ಹಿಡಿದಳು. ಮೇಣ ಅವಳ ಹೆಬ್ಬೆರಳ ಬುಡಕ್ಕೆ ಹನಿಯುತ್ತಿತ್ತು. ಬಿಸಿ ತಟ್ಟಿತೋ ಇಲ್ಲವೋ, ಕೈ ಅಲುಗಲಿಲ್ಲ. ಕೊನೆಗೆ ಸೊಸೆ ಅದೇ ಮೇಣದ ನಾಲ್ಕು ಹನಿಯನ್ನು ತಟ್ಟೆಯ ಅಂಚಿಗೂ ಬೀಳಿಸಿ, ಬತ್ತಿಯನ್ನು ಊದಿದಳು.

"ಯಾಕೆ ಮಾಡಿದೆ?" ಅತ್ತೆ ಕೇಳಿದಳು.

"ಬಾಕಿ ಇತ್ತಲ್ಲ."

ಶುಕ್ರವಾರ ಭೂತಗನ್ನಡಿ ಬಂದ. ಎಣಿಸಿದ, ಅರವತ್ತೊಂದು. ಕೆಲವನ್ನು ಎತ್ತಿ ನೋಡಿದ, ಇಕ್ಕಳಗಳ ತುಕ್ಕು ನೋಡಿ ತಲೆಯಾಡಿಸಿದ. ಬೆಳಕಿಂಡಿಯ ಕೆಳಗಿನ ತಟ್ಟೆಗಂಬವನ್ನು ಕೊನೆಗೆ ತೆಗೆದ. ಬಾಗಿಲ ಬಳಿ ಅತ್ತೆ ಗೋಡೆ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಮಾವ. ಡಿಪೋಗೆ ರಜೆ ಹಾಕಿದ್ದ ಗಂಡ ಅವರ ಹಿಂದೆ. ಭೂತಗನ್ನಡಿ ಅದನ್ನು ತಿರುಗಿಸಿ ಮುದ್ರೆ ನೋಡಿದ. ಆಮೇಲೆ ಹೆಬ್ಬೆರಳಿನಿಂದ ಅದರ ಕುತ್ತಿಗೆಯನ್ನು ಒಂದು ಸಲ ಸವರಿ, ಹೆಬ್ಬೆರಳನ್ನು ಬೆಳಕಿಗೆ ಹಿಡಿದ. ಹೆಬ್ಬೆರಳು ಕಪ್ಪಾಗಿತ್ತು.

ಅವನು ಸೊಸೆಯ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಅವನ ನೋಟ ಅವಳನ್ನು ದಾಟಿ, ಗೋಡೆ ಹಿಡಿದಿದ್ದ ಮುದುಕಿಯ ಕೈಯ ಮೇಲೆ, ಹೆಬ್ಬೆರಳ ಬುಡದ ಸುಟ್ಟ ಗುರುತಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಜೇಬಿನಿಂದ ಕರವಸ್ತ್ರ ತೆಗೆದು ಹೆಬ್ಬೆರಳು ಒರೆಸಿಕೊಂಡ.

"ಚೆನ್ನಾಗಿದೆ," ಎಂದು ಕಾಗದದಲ್ಲಿ ಗುರುತು ಹಾಕಿದ. "ಇನ್ನು ಮುಂದೆ ವರ್ಷಕ್ಕೊಂದು ಸಲ ಬರ್ತೀನಿ. ನೀನು ಇದೀಯಲ್ಲಮ್ಮ, ಸಾಕು. ಇನ್ನೂ ಬಹಳ ವರ್ಷ ನಡೆಯತ್ತೆ ಇದು."

ಅವನ ಹಿಂದೆಯೇ ಬೀದಿಯ ತನಕ ಹೋಗಿ ಬಂದ ಗಂಡ ಜಗುಲಿಯ ಮಂಚದ ಮೇಲೆ ಕೂತ. "ಮಾಳಿಗೆ ರೂಮನ್ನ ಅಂಗಡಿಯವನು ಮೊನ್ನೆ ಒಬ್ಬ ಕಂಡಕ್ಟರಿಗೆ ಕೊಟ್ಟುಬಿಟ್ಟನಂತೆ," ಅಂದ. "ನಿನಗೆ ಹೇಳೋಣ ಅಂತಿದ್ದೆ."

"ಈಗ ಹೇಳಿದ್ರಲ್ಲ," ಅಂದಳು ಸೊಸೆ.

ಅವಳು ಒಳಗೆ ಹೋಗಿ ಹೊಸ ಗಂಟು ಬಿಚ್ಚಿದಳು. ಈ ಸಲ ದರ್ಜಿ ಐದು ಡಜನ್ ಕಳಿಸಿದ್ದ. ಸ್ಟೂಲಿನ ಕೆಳಗೆ ಮುಚ್ಚಳ ಹಾಗೇ ಬಿದ್ದಿತ್ತು. ಅವಳು ಅದನ್ನು ಎತ್ತಿಕೊಂಡು ಹೊಸ್ತಿಲ ಹತ್ತಿರ ಬಂದಳು. ಆಚೆ ಅತ್ತೆ ಗೋಡೆಗೊರಗಿ ಕೂತಿದ್ದಳು. ಎರಡು ಕೈಗಳೂ ತೊಡೆಯ ಮೇಲೆ ಅಂಗಾತ ಬಿದ್ದಿದ್ದವು. ಸೊಸೆ ಮುಚ್ಚಳವನ್ನು ಆ ಕೈಗಳ ಮೇಲೆ ಇಟ್ಟಳು, ಜೊತೆಗೊಂದು ಚಿಂದಿ.

ಅತ್ತೆ ಅದನ್ನು ತಿರುಗಿಸಿ ನೋಡಿದಳು. "ಇದೆಲ್ಲಿ ಸಿಕ್ತೇ?" ಎಂದಳು, ಮೊದಲ ಸಲ ನೋಡಿದವಳ ಹಾಗೆ. ಆಮೇಲೆ ತಗ್ಗಿದ ದನಿಯಲ್ಲಿ, "ಬಾಕಿ ತೀರಿತು ಕಣೇ," ಎಂದಳು.

"ತೀರಿತು, ಅತ್ತೆ."

ಸೊಸೆ ಬೆಳಕಿಂಡಿಯ ಕೆಳಗೆ ಸ್ಟೂಲು ಎಳೆದುಕೊಂಡು ಸೂಜಿಗೆ ನೂಲು ಪೋಣಿಸಿದಳು. ಸ್ವಲ್ಪ ಹೊತ್ತಿಗೆ ಹೊಸ್ತಿಲಾಚೆಯಿಂದ ಸದ್ದು ಶುರುವಾಯಿತು. ಏರಲಿಲ್ಲ, ಇಳಿಯಲಿಲ್ಲ, ಚಪ್ಪಟೆಯಾಗಿ ಒಂದೇ ಸಮನೆ ಸಾಗಿತು. ಸೊಸೆಯ ಕಾಲ್ಬೆರಳು ಅವಳಿಗೆ ತಿಳಿಯದೆಯೇ ಅದರ ಜೊತೆ ಹಿಂದೆ ಮುಂದೆ ಆಡುತ್ತಿತ್ತು.